ರುಚಿ ನೋಡದೆ ಕಲಿತ ಅಡುಗೆ

ನಾನು ಕುವೈತಿಗೆ ಬಂದು ಸೇರಿದ್ದು ಅಮೆರಿಕದ ಗುತ್ತಿಗೆ ಕಂಪೆನಿಯೊಂದರ ಕ್ಯಾಂಪಿನ ಅಡುಗೆಮನೆಗೆ. ಉಡುಪಿ ಕಡೆಯ ತುಳುವ ನಾನು. ಕೋಳಿ, ಮೀನು ಚೆನ್ನಾಗಿಯೇ ಮಾಡುತ್ತಿದ್ದೆ. ಆದರೆ ದನದ ಮಾಂಸ ತಿನ್ನುವುದಿಲ್ಲವೆಂದು ತಿಳಿದದ್ದೇ ಅಲ್ಲಿನ ಮುಖ್ಯಸ್ಥ ನನ್ನನ್ನು ಒಲೆಯಿಂದ ಸರಿಸಿ ಈರುಳ್ಳಿ ಹೆಚ್ಚಲು ಕೂರಿಸಿದ. "ರುಚಿ ನೋಡದವನು ಎಂಥ ಕುಕ್ಕು?" ಎಂದ. ಒಂದು ಚಳಿಗಾಲವಿಡೀ ಈರುಳ್ಳಿ ಹೆಚ್ಚಿದೆ.

ಅವನ ಜಾಗಕ್ಕೆ ಬಂದವರು ಅರವತ್ತರ ಹತ್ತಿರದ ಒಬ್ಬ ಅಮೆರಿಕನ್. ಎತ್ತರದ ಆಳು, ಮುಂಗೈಯಲ್ಲಿ ಮಾಸಿದ ಲಂಗರಿನ ಹಚ್ಚೆ. ತಮ್ಮ ದೇಶದ ನೌಕಾಪಡೆಯ ಹಡಗುಗಳಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಅಲ್ಲಿದ್ದ ಹುದ್ದೆಯ ಹೆಸರೇ ಇಲ್ಲೂ ಉಳಿಯಿತು. ಎಲ್ಲರಿಗೂ ಅವರು 'ಚೀಫ್'.

ಚೀಫ್‌ಗೆ ಬಾರ್ಬೆಕ್ಯೂ ಎಂದರೆ ಕೆಂಡದ ಮೇಲೆ ಕಬಾಬು ಸುಡುವುದಲ್ಲ. ದನದ ಎದೆಭಾಗದ ದೊಡ್ಡ ತುಂಡಿಗೆ ಉಪ್ಪು, ಕಾಳುಮೆಣಸು ಹಚ್ಚಿ, ಬೆಂಕಿ ನೇರವಾಗಿ ತಾಗದಂತೆ, ಸೌದೆಯ ಹೊಗೆಯಲ್ಲೇ ಬೆಳಗಿನಿಂದ ಸಂಜೆಯವರೆಗೆ ಬೇಯಿಸುವುದು. ಅದಕ್ಕೆ ಬೇಕಾದ ಒಲೆ ಕ್ಯಾಂಪಿನಲ್ಲಿರಲಿಲ್ಲ. ಚೀಲ ಹೊರಲು ಒಬ್ಬ ಬೇಕೆಂದು ನನ್ನನ್ನು ಕರೆದುಕೊಂಡು, ವರ್ಕ್‌ಶಾಪುಗಳೇ ತುಂಬಿರುವ ಅರ್ದಿಯಾಕ್ಕೆ ಹೋದರು. ವೆಲ್ಡಿಂಗ್ ಶೆಡ್ಡಿನ ಪಂಜಾಬಿ ಭಾಯಿ ಹೊಸ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿ, ಕೀಲು ಕೂರಿಸಿ, ಪಕ್ಕದಲ್ಲಿ ಬೆಂಕಿಗೆ ಪೆಟ್ಟಿಗೆ ಬೆಸೆದುಕೊಟ್ಟ. ಬರುವಾಗ, ಮರುಭೂಮಿಯಲ್ಲಿ ಡೇರೆ ಹಾಕುವವರಿಗೆ ಮಾರುವ ಜಾಲಿ ಸೌದೆ ಒಂದಿಷ್ಟು ಹೇರಿಕೊಂಡೆವು.

ಮೊದಲ ಸಲ ಬೆಂದ ಮಾಂಸವನ್ನು ಕೊಯ್ದು, ಒಂದು ಚೂರನ್ನು ಚೂರಿಯ ತುದಿಯಲ್ಲಿ ನನ್ನತ್ತ ಚಾಚಿದರು. "ತಿಂದು ನೋಡು."

ಮತ್ತೆ ಈರುಳ್ಳಿಯೇ ಗತಿ ಅಂದುಕೊಂಡೆ. "ಸಾರಿ ಚೀಫ್. ಬೇಯಿಸಲು ನನಗೆ ಅಡ್ಡಿಯಿಲ್ಲ. ದನ ತಿನ್ನುವುದಿಲ್ಲ."

ಅವರು ಚೂರಿ ಕೆಳಗಿಟ್ಟರು. "ನಾನು ಯಹೂದಿ," ಎಂದರು. "ಹಡಗಿನಲ್ಲಿ ದಿನಾ ಬೆಳಿಗ್ಗೆ ನಾವಿಕರಿಗೆ ಹಂದಿಮಾಂಸ ಹುರಿದು ಹಾಕಿದವನು. ಒಂದು ಚೂರೂ ಬಾಯಿಗಿಟ್ಟಿಲ್ಲ. ಆದರೂ ಬೇರೆ ಹಡಗಿನವರು ನನ್ನ ತಿಂಡಿಗೆ ನೆಪ ಮಾಡಿಕೊಂಡು ಬರುತ್ತಿದ್ದರು." ಆಮೇಲೆ ನಕ್ಕರು. "ಈ ದೇಶಕ್ಕೆ ಹಂದಿ ಬರುವ ಹಾಗೇ ಇಲ್ಲ. ಆ ತಲೆಬಿಸಿ ಇಲ್ಲದ ಮೊದಲ ಅಡುಗೆಮನೆ ನನಗೆ ಇದು. ನೀನು ನಾಳೆಯಿಂದ ಡ್ರಮ್ಮಿನ ಹತ್ತಿರ ಬಾ."

ಬೆಂಕಿ ಕಾಯುವ ಕೆಲಸದಲ್ಲಿ ಮಾತಿಗೆ ಬೇಕಾದಷ್ಟು ಹೊತ್ತು. ಅವರ ಕತೆ ನನಗೆ ಸಿಕ್ಕಿದ್ದು ಹಾಗೆ. ಸಣ್ಣ ಊರು, ಅಪ್ಪನದು ಚಪ್ಪಲಿ ಅಂಗಡಿ, ಊರಿಗೆಲ್ಲ ಇದ್ದ ಯಹೂದಿ ಮನೆ ಅದೊಂದೇ. ಸಮುದ್ರ ನೋಡಬೇಕೆಂದು ನೌಕಾಪಡೆ ಸೇರಿದರೆ ಸಿಕ್ಕಿದ್ದು ಕಿಟಕಿಯಿಲ್ಲದ ಅಡುಗೆಕೋಣೆ. ನಿವೃತ್ತಿಯಾಗಿ ದಡ ಸೇರಿದ ಮೇಲೆ, "ಬೆಳಿಗ್ಗೆ ಏಳುತ್ತಿದ್ದೆ, ಆದರೆ ಉಣ್ಣಲು ಕಾಯುವವರು ಯಾರೂ ಇರಲಿಲ್ಲ" ಎಂದರು. ರಸ್ತೆಬದಿಯಲ್ಲಿ ಬಾರ್ಬೆಕ್ಯೂ ಮಾಡುತ್ತಿದ್ದ ಒಬ್ಬ ಮುದುಕಿಯ ಹತ್ತಿರ ಸೌದೆ ಒಡೆಯಲು ನಿಂತವರು, ಆಕೆಯಿಂದಲೇ ಈ ವಿದ್ಯೆ ಕಲಿತರಂತೆ. ಆಕೆ ಹಂದಿ ಬೇಯಿಸಿದರೆ ಇವರು ಪಕ್ಕದಲ್ಲೇ ದನ ಬೇಯಿಸುತ್ತಿದ್ದರು.

ನನಗೆ ಅವರು ಕಲಿಸಿದ್ದು ನಾಲಿಗೆ ಬಿಟ್ಟು ಉಳಿದೆಲ್ಲದರಿಂದ. ಹೊಗೆ ದಟ್ಟ ಬೆಳ್ಳಗಿದ್ದರೆ ಮಾಂಸ ಕಹಿ. ತೆಳ್ಳಗೆ, ನೀಲಿಯಾಗಿ ಏಳಬೇಕು. ಬೆರಳಿನಿಂದ ತಟ್ಟಿದರೆ ತುಂಡು ಇಡಿಯಾಗಿ ಅಲುಗಬೇಕು. "ಜೆಲ್ಲಿ ಹಾಗೆ," ಎನ್ನುತ್ತಿದ್ದರು ಅವರು. ನಮ್ಮ ಅಮ್ಮ ಅಕ್ಕಿ, ಬೆಲ್ಲ ಕಾಯಿಸಿ ತಟ್ಟೆಗೆ ಹೊಯ್ದಿಡುತ್ತಿದ್ದ ಹಾಲುಬಾಯಿ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ಆಮೇಲೆ ತಪ್ಪಲಿಲ್ಲ.

ಎರಡನೆಯ ವರ್ಷ, ಕ್ಯಾಂಪಿಗೆ ದೊಡ್ಡ ಸಾಹೇಬರೆಲ್ಲ ರಾತ್ರಿ ಊಟಕ್ಕೆ ಬರುವ ದಿನ. ಬೆಳಿಗ್ಗೆ ಮಾಂಸ ಒಳಗಿಟ್ಟು ಮುಚ್ಚಳ ಹಾಕಿದ ಸ್ವಲ್ಪ ಹೊತ್ತಿಗೆ ಚೀಫ್ ಸೊಂಟ ಹಿಡಿದುಕೊಂಡು ಕುಸಿದರು. ಮೂತ್ರಪಿಂಡದ ಕಲ್ಲು. ಆ್ಯಂಬುಲೆನ್ಸಿಗೆ ಹತ್ತಿಸುವಾಗ ನನ್ನ ಕೈ ಹಿಡಿದು, "ಇವತ್ತು ನಿನ್ನದು," ಎಂದಷ್ಟೇ ಹೇಳಿದರು.

ಮಧ್ಯಾಹ್ನದ ಹೊತ್ತಿಗೆ ಮಾಂಸದ ಒಳಗಿನ ಶಾಖ ಏರುವುದು ನಿಂತಿತು. ಹೀಗಾಗುವುದುಂಟು, ಮಾಂಸ ಬೆವರುವ ಹೊತ್ತದು, ಗಂಟೆಗಟ್ಟಲೆ ಥರ್ಮಾಮೀಟರಿನ ಮುಳ್ಳು ಅಲುಗುವುದಿಲ್ಲ. ಈಜಿಪ್ಟಿನ ಸೂಪರ್‌ವೈಸರ್ ಮೂರು ಸಲ ಬಂದು ನೋಡಿದ.

"ಯಲ್ಲಾ ಭಾಯಿ, ಬೇಗ ಬೇಗ! ಓವನ್‌ಗೆ ಹಾಕು. ಖಲಾಸ್!"

"ಇಲ್ಲ."

"ಬೆಂಕಿಯಾದರೂ ಜೋರು ಮಾಡು!"

"ಮಾಡುವುದಿಲ್ಲ. ಊಟಕ್ಕೆ ಸರಿಯಾಗಿ ಕೊಡುತ್ತೇನೆ. ಹೆಚ್ಚುಕಡಿಮೆಯಾದರೆ ನನ್ನ ಹೆಸರು ಹೇಳಿ."

ನನ್ನ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ಧೂಳುಗಾಳಿ ಬೇರೆ ಎದ್ದಿತ್ತು. ಡ್ರಮ್ಮಿನ ಪಕ್ಕದ ಬೆಂಕಿಯ ಪೆಟ್ಟಿಗೆಗೆ ತಗಡು ಅಡ್ಡ ಹಿಡಿದು ನಿಂತೆ. ಕೊನೆಗೆ ಮುಳ್ಳು ಮೆಲ್ಲಗೆ ಅಲುಗಿತು, ಆಮೇಲೆ ಏರುತ್ತಲೇ ಹೋಯಿತು. ಸಂಜೆ ಬೆರಳಿನಿಂದ ತಟ್ಟಿದೆ. ತುಂಡು ಇಡಿಯಾಗಿ ಅಲುಗಿತು.

ಬಡಿಸಿದ ಮೇಲೆ ಊಟದ ಹಾಲ್‌ನಲ್ಲಿ ತಟ್ಟೆಗಳು ಬೇಗನೆ ಖಾಲಿಯಾದವು. ಆಮೇಲೆ ಒಬ್ಬೊಬ್ಬರಾಗಿ ತಟ್ಟೆ ಹಿಡಿದು ಮತ್ತೆ ಸಾಲಿಗೆ ಬಂದರು. ಸೂಪರ್‌ವೈಸರ್ ತಾನೂ ಒಂದು ತಟ್ಟೆ ಹಿಡಿದು ಸಾಲಿನಲ್ಲಿದ್ದ.

ಆಸ್ಪತ್ರೆಯಿಂದ ಬಂದ ಚೀಫ್‌ಗೆ ತೆಗೆದಿಟ್ಟಿದ್ದ ತುಂಡು ಕೊಟ್ಟೆ. ತಣ್ಣಗಿದ್ದುದನ್ನೇ ಕಣ್ಣು ಮುಚ್ಚಿ ನಿಧಾನಕ್ಕೆ ಅಗಿದರು. "ನಾನು ಹೊರಟುಹೋದರೂ ಈ ಡ್ರಮ್ಮು ತಣ್ಣಗಾಗುವುದಿಲ್ಲ," ಎಂದರು. ಮರುವರ್ಷ ಅವರು ಊರಿಗೆ ಹೋದರು. ಅಲ್ಲೀಗ ಚಪ್ಪಲಿ ಅಂಗಡಿಯಿದ್ದ ಬೀದಿಯಲ್ಲೇ ಅವರದೊಂದು ಬಾರ್ಬೆಕ್ಯೂ ಅಂಗಡಿ ಇದೆ.

ನಾನು ಈಗ ಅಬು ಹಲೀಫಾದ ಒಂದು ಹೋಟೆಲಿನಲ್ಲಿ ಬಾರ್ಬೆಕ್ಯೂ ವಿಭಾಗದ ಮುಖ್ಯಸ್ಥ. ಸಲ್ವಾದ ದೊಡ್ಡ ಮನೆಗಳಿಂದ ಮದುವೆ ಊಟಕ್ಕೆ ಹೆಸರು ಹಿಡಿದು ಕರೆಯುತ್ತಾರೆ. ಈ ಚಳಿಗಾಲ ನಮ್ಮ ತುಳುವರ ಪಿಕ್‌ನಿಕ್ಕಿಗೆ ಬ್ಯಾಡಗಿ ಮೆಣಸು ಅರೆದು ಹಚ್ಚಿ, ಜಾಲಿಯ ಹೊಗೆಯಲ್ಲಿ ಕೋಳಿ ಬೇಯಿಸಿದೆ. ಊಟದ ಸಾಲಿನಲ್ಲಿದ್ದ ಒಬ್ಬರು, ಇಲ್ಲಿನ ಆಸ್ಪತ್ರೆಯೊಂದರ ಆಫೀಸಿನವರು, ಜೊತೆಗೆ ಬಂದಿದ್ದ ನನ್ನ ಹೆಂಡತಿಯನ್ನು ಕೇಳಿದರು: "ನಿಮ್ಮವರು ಎಲ್ಲಿ ಕೆಲಸ, ಆಫೀಸಾ?"

"ಆಫೀಸೆಂತದು ಮಾರಾಯ್ರೆ," ಎಂದಳು ಅವಳು, ಸಾಲಿನ ಕೊನೆಯವರಿಗೂ ಕೇಳುವ ಹಾಗೆ. "ಅಡುಗೆ! ನೀವು ಈಗ ಬೆರಳು ಚೀಪುತ್ತಾ ಇದ್ದೀರಲ್ಲ, ಅದು ಮಾಡಿದ್ದು ಅವರೇ."

ನಾನು ಮುಚ್ಚಳ ತೆಗೆದು ಮುಂದಿನ ಕೋಳಿಯನ್ನು ತಿರುಗಿಸಿದೆ. ನಗು ತಡೆಯಲಾಗಲಿಲ್ಲ.