ತಪಾಸಣೆಯ ದಿನದ ಲೋಟ

ದೊಡ್ಡಸಿದ್ದಯ್ಯ ಬಿನ್ ಮಾಯಸಿದ್ದಯ್ಯ, ವಯಸ್ಸು ಎಪ್ಪತ್ತೊಂದು, ಮಳವಳ್ಳಿ ತಾಲ್ಲೂಕು ಅರಳಿಕೊಪ್ಪಲಿನ ವಾಸಿ, ನಿವೃತ್ತ ಲೈನ್‌ಮ್ಯಾನ್. ಪತ್ನಿ ಪಟ್ಟಲಮ್ಮ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಒಬ್ಬಳೇ ಮಗಳು ವನಜಾ ಮದ್ದೂರಿನಲ್ಲಿ ಶಾಲಾ ಶಿಕ್ಷಕಿ. ಅಳಿಯ ರಾಜೇಂದ್ರ ಮಂಡ್ಯದ ಬ್ಯಾಂಕೊಂದರಲ್ಲಿ ಗುಮಾಸ್ತ. ದೊಡ್ಡಸಿದ್ದಯ್ಯನವರು ಎರಡು ಸಾವಿರದ ಇಪ್ಪತ್ತನಾಲ್ಕರ ಆಗಸ್ಟಿನಲ್ಲಿ ತೀರಿಕೊಂಡಾಗ ಯಾವ ಪತ್ರಿಕೆಯಲ್ಲೂ ಒಂದು ಸಾಲು ಬರಲಿಲ್ಲ. ಬರಬೇಕಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಒಂಬತ್ತು ವರ್ಷ ಒಂದೇ ಸಮಿತಿಯಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಕುಳಿತವಳು ನಾನು; ಬರೆಯಬೇಕಾದದ್ದನ್ನು ಬರೆಯುವ ಹೊಣೆ ನನ್ನದು.

ಶಿವನಸಮುದ್ರದ ವಿದ್ಯುದಾಗಾರದಲ್ಲಿ ದಿನಗೂಲಿಗೆ ಸೇರಿದ ಅವರು ಮುಂದೆ ಲೈನ್‌ಮ್ಯಾನ್ ಆಗಿ ಕಿರುಗಾವಲು ಸುತ್ತಿನ ಊರುಗಳಲ್ಲಿ ಮೂವತ್ತೊಂದು ವರ್ಷ ಕಂಬ ಹತ್ತಿದರು. ಊರವರ ಬಾಯಲ್ಲಿ ಅವರು ಲೈನ್ ಸಿದ್ದಯ್ಯ. ಕಂಬದಿಂದ ಜಗಲಿಯ ಮೀಟರಿನವರೆಗೆ ಅವರ ಕೆಲಸ. ಮೀಟರಿನಿಂದ ಒಳಗಿನದು ಬೇರೆಯವರದು. ಇದು ಇಲಾಖೆಯ ನಿಯಮ. ಕಾಲುವೆಯ ಈಚೆಗಿರುವ ನಮ್ಮ ಬೀದಿಯವರಿಗೆ ಈ ನಿಯಮ ಬಹಳ ಅನುಕೂಲವಾಗಿತ್ತು. ಕಾಲುವೆಯ ಆಚೆಗಿರುವುದು ಅವರ ಕಾಲೋನಿ. ಕಾಲೋನಿಯವರನ್ನು ಜಗಲಿ ದಾಟಿಸಬಾರದೆಂಬ ರೂಢಿಯನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಅಕ್ಷರ ಕಲಿತ ಸಂಜೆ ಶಾಲೆಗೆ ತಂತಿ ಎಳೆದವರೂ ಅವರೇ. ಆರು ಗಂಟೆಗೆ ಕರೆಂಟು ಹೋದರೆ ಆರೂವರೆಗೆ ಅವರು ಕಂಬದ ಮೇಲಿರುತ್ತಿದ್ದರು. ಬಲ್ಬು ಹತ್ತಿದ ಮೇಲೆ ಕಿಟಕಿಯ ಹೊರಗೆ ನಿಂತು, "ಬಂತಾ ಅಮ್ಮಾರೆ?" ಎಂದು ಕೇಳುತ್ತಿದ್ದರು. "ಬಂತು ಕಣಪ್ಪ" ಎಂದು ನಾವು ಹೆಂಗಸರು ಸ್ಲೇಟಿನಿಂದ ತಲೆಯೆತ್ತದೆ ಹೇಳುತ್ತಿದ್ದೆವು. ಒಳಗೆ ಬಂದು ಕುಳಿತುಕೊ ಎಂದವರಿಲ್ಲ.

ಎರಡು ಸಾವಿರದ ಹದಿನೈದರಲ್ಲಿ ತಾಲ್ಲೂಕಿಗೆ ಸಾಮಾಜಿಕ ಸಮಾನತಾ ಸಲಹಾ ಸಮಿತಿ ಎಂಬುದೊಂದು ರಚನೆಯಾಯಿತು. ಹನ್ನೊಂದು ಸದಸ್ಯರು. ನಮ್ಮ ಊರಿನಿಂದ ಇಬ್ಬರು: ಮಹಿಳೆಯೆಂದು ನಾನು, ಕಾಲೋನಿಯವರೆಂದು ಅವರು. ಮಳವಳ್ಳಿಯಲ್ಲಿ ವರ್ಷಕ್ಕೆ ಎರಡು ಸಭೆ, ಪ್ರತಿ ಸಭೆಗೆ ಮುನ್ನ ನಮ್ಮೂರಿನಲ್ಲಿ ಒಂದು ತಪಾಸಣೆ. ತಪಾಸಣೆಯ ಕ್ರಮ ಹೀಗೆ: ಜೀಪು ಹೋಟೆಲಿನ ಮುಂದೆ ನಿಲ್ಲುತ್ತದೆ, ಅಧಿಕಾರಿಗಳು ಇಳಿದು ದೊಡ್ಡಸಿದ್ದಯ್ಯನವರನ್ನು ಒಳಗಿನ ಬೆಂಚಿನ ಮೇಲೆ ಕೂರಿಸುತ್ತಾರೆ, ಅವರಿಗೆ ಒಂದು ಲೋಟ ಟೀ ಬರುತ್ತದೆ, ಅವರು ಕುಡಿಯುತ್ತಾರೆ, ಒಬ್ಬರು ಫೋಟೊ ತೆಗೆಯುತ್ತಾರೆ. ಲೋಟ ಖಾಲಿಯಾದರೆ ಊರಿನಲ್ಲಿ ತಾರತಮ್ಯವಿಲ್ಲವೆಂದು ನಮೂನೆ ತುಂಬಿ, ಕೆಳಗೆ ಅವರ ಸಹಿ ಪಡೆಯುತ್ತಾರೆ.

ನಮ್ಮೂರಿನ ಹೋಟೆಲು ಬಸ್ಸು ನಿಲ್ಲುವ ಜಾಗದಲ್ಲಿದೆ. ಮಾಲೀಕ ಶಿವರಾಜು. ತಪಾಸಣೆಯ ಸುದ್ದಿ ಅವನಿಗೆ ಹಿಂದಿನ ದಿನವೇ ತಲುಪುತ್ತಿತ್ತು. ಆ ದಿನ ಅವನು ಬಾಗಿಲಿಗೇ ಬಂದು, "ಬನ್ನಿ ಸದಸ್ಯರೆ, ಫ್ಯಾನ್ ಕೆಳಕ್ಕೆ ಕೂತ್ಕಳಿ" ಎನ್ನುತ್ತಿದ್ದ. ಮರುದಿನ ಅದೇ ಬಾಯಿ, "ಅಲ್ಲೇ ನಿಂತ್ಕ ಸಿದ್ದಯ್ಯ, ತತ್ತೀನಿ" ಎನ್ನುತ್ತಿತ್ತು. ಮೊದಲು ಕಾಲೋನಿಯವರು ತಮ್ಮ ಲೋಟ ತಾವೇ ತಂದು ಹೊರಗಿನ ಹೊಂಗೆಮರದ ಕೆಳಗೆ ಕುಡಿಯಬೇಕಿತ್ತು. ಕೊರೊನಾ ಬಂದು ಹೋದ ಮೇಲೆ ಅವರಿಗೆ ಪೇಪರ್ ಲೋಟ ಬಂತು. ಅದೂ ಮರದ ಕೆಳಗೇ.

ಟೀ ದೊಡ್ಡಸಿದ್ದಯ್ಯನವರಿಗೆ ಆಗುತ್ತಿರಲಿಲ್ಲ. ಜೀಪಿನಲ್ಲಿ ಕುಳಿತಾಗ ಅಂಗಿಯ ಜೇಬಿನಿಂದ ಮಾತ್ರೆಯೊಂದನ್ನು ತೆಗೆದು ನುಂಗುವುದನ್ನು ಕಂಡು ನಾನೇ ಒಮ್ಮೆ ಕೇಳಿದೆ.

"ಎದೆ ಉರೀತದೆ ಕಣಮ್ಮಾರೆ, ಟೀ ಕುಡುದ್ರೆ."

"ಮತ್ಯಾಕೆ ಕುಡೀತೀರಿ?"

"ಸರ್ಕಾರದ ಕೆಲ್ಸ ಅಲ್ವಾ? ಕಂಬದ್ ಮ್ಯಾಲೆ ಅಂಗೈ ಉರೀತಿರ್ನಿಲ್ವಾ? ಅಂಗೇಯ ಇದೂವೆ."

ಹದಿನೆಂಟನೆಯ ತಪಾಸಣೆ ಮುಗಿದು ಒಂದು ವಾರವೂ ಆಗಿರಲಿಲ್ಲ. ಕಾಲೋನಿಯ ಮಾಯಮ್ಮನ ಮಗಳು ದೀಪಿಕ, ಮಳವಳ್ಳಿಯಲ್ಲಿ ಡಿಗ್ರಿ ಓದುವವಳು, ಬಸ್ಸಿಳಿದು ನೇರವಾಗಿ ಹೋಟೆಲಿನೊಳಗೆ ಹೋಗಿ ಟೀ ಕೇಳಿದಳು. ಶಿವರಾಜು ಪೇಪರ್ ಲೋಟ ಮುಂದಿಟ್ಟ.

"ಒಳಗೆ ಜಾಗ ಇಲ್ಲ ಕಣಮ್ಮ, ಎತ್ಕೊಂಡು ಆಚೆಗೋಗು."

"ಮೂರು ಬೆಂಚು ಖಾಲಿ ಅವೆ."

"ಖಾಲಿ ಇರ್ಲಿ ಅಂತ್ಲೇ ಆಕಿರೋದು."

ಅವಳು ಹಣ ಮೇಜಿನ ಮೇಲಿಟ್ಟು ಟೀ ಮುಟ್ಟದೆ ಹೊರಬಂದಳು. ಪೊಲೀಸು ಠಾಣೆಗೆ ಹೋಗುತ್ತೇನೆಂದಾಗ ತಾಯಿ ತಡೆದಳಂತೆ: "ಟೇಸನ್ನು ಗೀಸನ್ನು ಬ್ಯಾಡ ಕಣವ್ವ. ಕಮಿಟೀಲಿ ನಮ್ ಸಿದ್ದಯ್ಯ ತಾತ ಅವ್ನೆ, ಅಲ್ಲಿ ಕೊಡು." ಆ ನಂಬಿಕೆಯಿಂದಲೇ ದೂರು ನಮ್ಮ ಸಮಿತಿಗೆ ಬಂತು.

ಫೆಬ್ರವರಿಯ ಸಭೆಗೆ ದೀಪಿಕಳನ್ನು ಕರೆಸಿದರು. ಅಧ್ಯಕ್ಷರು ದೂರನ್ನು ಓದಿ, ಕಪಾಟಿನಿಂದ ನಡಾವಳಿ ಪುಸ್ತಕ ತರಿಸಿ, ಪುಟ ಮಗುಚುತ್ತ ಅವಳತ್ತ ತಿರುಗಿಸಿದರು.

"ನಿಮ್ಮ ಕಾಲೋನಿಯ ಹಿರಿಯರೇ ಹದಿನೆಂಟು ಸಲ ತಾರತಮ್ಯ ಇಲ್ಲ ಅಂತ ಸಹಿ ಹಾಕಿದ್ದಾರಲ್ಲಮ್ಮ. ಇವರ ಮಾತು ನಂಬೋದೋ, ನಿನ್ನ ಮಾತು ನಂಬೋದೋ?"

ದೀಪಿಕ ಪುಸ್ತಕವನ್ನು ನೋಡಲಿಲ್ಲ. "ತಾತ, ನಿಂಗೆ ಯಾವ್ ಲೋಟದಲ್ಲಿ ಕೊಡ್ತಾರೆ?" ಎಂದು ಕೇಳಿದಳು.

"ಗಾಜಿಂದ್ರಲ್ಲಿ ಕಣವ್ವ."

"ಅಲ್ಲಿರೋವೆಲ್ಲ ಗಾಜಿನವೇ. ನಿಂದು ಯಾವ್ದು?"

ದೊಡ್ಡಸಿದ್ದಯ್ಯನವರು ತಮ್ಮ ಅಂಗೈ ನೋಡಿಕೊಂಡರು. ಆಮೇಲೆ, "ಪಟ್ಟೆ ಇರೋದು" ಎಂದರು.

"ಅದ್ನ ಇಂದ್ಲ ಗೂಡಲ್ಲಿ, ಫಿನೈಲ್ ಡಬ್ಬದ ಪಕ್ಕ ಮಗುಚಿ ಮಡಗವ್ರೆ. ನಾನೇ ಕಂಡೆ."

ಇದನ್ನು ಬಿಡಿಸಿ ಹೇಳಬೇಕು. ಹೋಟೆಲಿನ ಲೋಟಗಳು ದಿನವೂ ಕೈಯಿಂದ ಕೈಗೆ ಓಡಾಡಿ ವರ್ಷದೊಳಗೆ ಒಡೆದು ಹೋಗುತ್ತವೆ. ಒಂಬತ್ತು ವರ್ಷದಲ್ಲಿ ಶಿವರಾಜು ಎಷ್ಟೋ ಸಲ ಹೊಸ ಲೋಟ ತಂದಿದ್ದ. ಪಟ್ಟೆಯವು ಹೋಗಿ ನುಣುಪಿನವು ಬಂದಿದ್ದವು. ದೊಡ್ಡಸಿದ್ದಯ್ಯನವರಿಗೆ ಮಾತ್ರ ಪ್ರತಿ ಸಲವೂ ಪಟ್ಟೆಯದೇ ಬರುತ್ತಿತ್ತು. ವರ್ಷಕ್ಕೆ ಎರಡೇ ದಿನ ಕೆಳಗಿಳಿಯುವ ಲೋಟಕ್ಕೆ ಒಡೆಯುವ ಸಂದರ್ಭವೇ ಇರಲಿಲ್ಲ. ಒಂದು ತಂತಿಯ ಬಣ್ಣ ಬದಲಾದರೆ ನೆಲದಿಂದಲೇ ಗುರುತಿಸುತ್ತಿದ್ದ ಮನುಷ್ಯ ಇದನ್ನು ಗುರುತಿಸಿರಲಿಲ್ಲವೆಂದು ನಾನು ನಂಬುವುದಿಲ್ಲ. ಅವರೂ ಹಾಗೆಂದು ಹೇಳಿಕೊಳ್ಳಲಿಲ್ಲ.

ಅವರು ಎದ್ದು ನಿಂತು, "ನನ್ ಸೈನು ವಾಪಸ್ ತಗಬೇಕು ಸಾರ್" ಎಂದರು.

ನಡಾವಳಿಯನ್ನು ತಿದ್ದಬೇಕಾದರೆ ಒಬ್ಬ ಸೂಚಕರು, ಒಬ್ಬ ಅನುಮೋದಕರು ಬೇಕೆಂಬುದು ಸಮಿತಿಯ ನಿಯಮ. ಅವರು ನಿಂತುಕೊಂಡೇ ಬರೆದರು: "ಹದಿನೆಂಟು ವರದಿಗಳಿಗೆ ನಾನು ಮಾಡಿದ ಸಹಿ ನಿಜವನ್ನು ಹೇಳುವುದಿಲ್ಲ. ಲೋಟ ಬೇರೆ ಎಂಬುದು ನನಗೆ ತಿಳಿದಿತ್ತು." ಸೂಚಕರು ಎಂಬಲ್ಲಿ ಸಹಿ ಮಾಡಿದರು. ಅನುಮೋದಕರು ಎಂಬಲ್ಲಿ ಯಾರಾದರೊಬ್ಬರು ಬರೆದಿದ್ದರೆ ದೀಪಿಕಳ ದೂರು ಬಿದ್ದುಹೋಗದೆ ಉಳಿಯುತ್ತಿತ್ತು. ಪುಸ್ತಕ ಮೇಜಿನ ಸುತ್ತ ಹೋಯಿತು. ಒಬ್ಬರು ಕನ್ನಡಕ ಒರೆಸಿಕೊಂಡರು, ಒಬ್ಬರು ಫೋನು ನೋಡಿಕೊಂಡರು. ಕೊನೆಗೆ ಅದು ನನ್ನ ಮುಂದೆ ಬಂತು. ದೊಡ್ಡಸಿದ್ದಯ್ಯನವರು ನನ್ನ ಕೈಯನ್ನೇ ನೋಡುತ್ತಿದ್ದರು. ಲೇಖನಿ ನನ್ನ ಕೈಯಲ್ಲಿತ್ತು. ನಾನು ಅದಕ್ಕೆ ಮುಚ್ಚಳ ಹಾಕಿದೆ.

ಶಿವರಾಜು ನನ್ನ ಮೈದುನನ ಮಗ. ಇದು ಕಾರಣ, ಸಮರ್ಥನೆಯಲ್ಲ.

ಅಂದು ದೂರನ್ನು ಮುಕ್ತಾಯಗೊಳಿಸಲಾಯಿತು. ಊರಿಗೆ ಮರಳುವ ಬಸ್ಸಿನಲ್ಲಿ ದೀಪಿಕ, ಅವರು, ನಾನು, ಮೂವರೂ ಬೇರೆ ಬೇರೆ ಸೀಟಿನಲ್ಲಿ ಕುಳಿತು ಬಂದೆವು.

ಸುದ್ದಿ ಕಾಲೋನಿಯನ್ನು ನಮಗಿಂತ ಮೊದಲೇ ಮುಟ್ಟಿತ್ತು. "ತಾತ ಒಂದ್ಲೋಟ ಟೀಗೆ ನಮ್ಮುನ್ನೆಲ್ಲ ಮಾರ್ಬುಡ್ತು ಕಣ್ರಲಾ" ಎಂದು ಹುಡುಗರು ಅವರಿಗೆ ಕೇಳುವಂತೆಯೇ ಆಡಿಕೊಂಡರು. ದೀಪಿಕ ಮಾತು ಬಿಟ್ಟಳು. ಕರೆಂಟು ಹೋದರೆ ಮೊದಲು ಅವರ ಬಾಗಿಲಿಗೆ ಬರುತ್ತಿದ್ದವರು ಈಗ ಫೋನಿನಲ್ಲಿ ದೂರು ಕೊಡತೊಡಗಿದರು.

ಸಭೆಯ ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ದೊಡ್ಡಸಿದ್ದಯ್ಯನವರು ಕಾಲುವೆ ದಾಟಿ ಬಂದು ಶಿವರಾಜುವಿನ ಹೋಟೆಲಿನೊಳಗೆ ಬೆಂಚಿನ ಮೇಲೆ ಕುಳಿತರು. ನಮ್ಮ ಜಗಲಿಗೆ ಹೋಟೆಲು ಎದುರು, ಕಾಣುತ್ತದೆ, ಕೇಳುತ್ತದೆ. ಅಲ್ಲಿ ದಿನವೂ ಹರಟೆಗೆ ಕೂರುವ ಚಿಕ್ಕಬೋರಯ್ಯ ಗಟ್ಟಿಯಾಗಿ ನಕ್ಕ.

"ಲೇ ಶಿವ, ಮೆಂಬರ್ರು ಬಂದವ್ರೆ ಕಣ್ಲಾ! ಜೀಪು ಎಲ್ಲಿ ನಿಲ್ಸವ್ರೆ ನೋಡ್ಲಾ!"

"ಜೀಪು ಇಲ್ಲ ಕಣಪ್ಪ, ನಡ್ಕಂಡೇ ಬಂದೆ" ಎಂದರು ದೊಡ್ಡಸಿದ್ದಯ್ಯನವರು. "ಒಂದು ಟೀ ಕೊಡಪ್ಪ ಶಿವರಾಜು."

ಪೇಪರ್ ಲೋಟ ಬಂತು. ಗಾಜಿನದರಲ್ಲಿ ಕೊಡು ಎಂದರು. ಶಿವರಾಜು ಒಳಗೆ ಹೋಗಿ ಪಟ್ಟೆಯ ಲೋಟ ತಂದ.

"ಇದು ಬ್ಯಾಡ. ಚಿಕ್ಕಬೋರಯ್ಯ ಕುಡೀತಾವ್ನಲ್ಲ, ಅಂತದ್ರಲ್ಲಿ ಕೊಡು."

"ಅದೆಲ್ಲ ಆಗಕಿಲ್ಲ. ಕುಡುದ್ರೆ ಕುಡಿ, ಇಲ್ದಿದ್ರೆ ಬುಡು."

ಅವರು ಬೈಯಲಿಲ್ಲ, ಏಳಲೂ ಇಲ್ಲ. ಚೀಲದಿಂದ ಒಂದು ನೋಟುಪುಸ್ತಕ ತೆಗೆದು, ದಿನಾಂಕ, ವೇಳೆ, ಕೊಟ್ಟದ್ದೇನು ಎಂಬುದನ್ನು ಲೈನಿನ ದಿನಚರಿ ಬರೆಯುವವರಂತೆ ಒಂದೇ ಸಾಲಿನಲ್ಲಿ ಬರೆದರು. ಕಾಲು ಗಂಟೆ ಕುಳಿತರು. ಅಷ್ಟರಲ್ಲಿ ಅವರ ಬೆಂಚಿನಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಬೇರೆ ಬೆಂಚಿಗೆ ಹೋಗಿದ್ದರು. ತುಂಬಿದ ಹೋಟೆಲಿನಲ್ಲಿ ಅವರೊಬ್ಬರ ಬೆಂಚು ಖಾಲಿ.

ಮರುದಿನವೂ ಬಂದರು. ಅದರ ಮರುದಿನವೂ. ಚಿಕ್ಕಬೋರಯ್ಯನಿಗೆ ನಗು ಸಾಕಾಯಿತು. ಶಿವರಾಜು ಮಾತಾಡುವುದನ್ನೇ ಬಿಟ್ಟು ಪೇಪರ್ ಲೋಟ ಇಟ್ಟು ಹೋಗತೊಡಗಿದ. ಕಾಲೋನಿಯಿಂದ ಒಬ್ಬರೂ ಅವರ ಜೊತೆಗೆ ಬರಲಿಲ್ಲ, ಅವರೂ ಕರೆಯಲಿಲ್ಲ. ಬಿಸಿಲಿಗೆ ಕೊಡೆ, ಮಳೆಗೂ ಅದೇ ಕೊಡೆ. ಮುಟ್ಟದ ಟೀ ಕೆನೆಗಟ್ಟಿ ಆರುತ್ತಿತ್ತು. ನಾನು ಐದೂವರೆ ತಿಂಗಳು ನೋಡಿದೆ.

ಜುಲೈನಲ್ಲಿ ಒಂದು ಬೆಳಿಗ್ಗೆ ಹಿಂದಿರುಗುವಾಗ ನಮ್ಮ ಜಗಲಿಯ ಕೆಳಗೆ ನಿಂತರು.

"ಮುಂದ್ಲ ಸಭೆ ಯಾವಾಗ ಅಮ್ಮಾರೆ?"

"ಸೆಪ್ಟೆಂಬರಿಗೆ ಅಂತವ್ರೆ."

"ಆ ಜಾಗ ಇನ್ನೂ ಖಾಲಿ ಅದಾ? ಪುಸ್ತಕದಲ್ಲಿ?"

"ಅದೆ."

ಅವರು ಕೊಡೆ ಮಡಿಸಿದರು. "ಮೀಟರ್ ನೋಡಾಕ್ ಬಂದ ದಿನ ಮಾತ್ರ ಸಪ್ಲೈ ಬತ್ತದೆ ಅಂದ್ರೆ ಆ ಲೈನ್ ಸತ್ತಂಗೇಯ. ಓದಿಲ್ದೋನ್ಗೂ ತಿಳೀತದೆ. ಗೊತ್ತಿದ್ದೂ ಕರೆಂಟು ಅದೆ ಅಂತ ಬರ್ಕೊಟ್ಬುಟ್ಟೆ ಕಣಮ್ಮಾರೆ. ಫ್ಯಾನ್ ಕೆಳಕ್ಕೆ ಕೂರ್ಸಿ ಬನ್ನಿ ಅಂದ್ರಲ್ಲ, ಅದು ಇತವಾಗಿತ್ತು. ವರ್ಸಕ್ಕೆ ಎರಡ್ ದಿನ."

ಮೇಲೆ ಬನ್ನಿ ಎನ್ನುವುದಕ್ಕೆ ನನಗೆ ಸಾಕಷ್ಟು ಸಮಯವಿತ್ತು. ನಾನು ಅನ್ನಲಿಲ್ಲ. "ಇರ್ಲಿ ಬುಡಿ, ಬತ್ತೀನಿ" ಎಂದು ಅವರು ಕಾಲುವೆಯ ಕಡೆಗೆ ನಡೆದರು.

ಆಗಸ್ಟಿನ ಎರಡನೆಯ ವಾರ ಅವರ ಗೈರುಹಾಜರಿಯನ್ನು ನನಗೆ ಹೇಳಿದವನು ಶಿವರಾಜು. ಹೋಟೆಲಿನ ಬಾಗಿಲಿನಿಂದಲೇ ಕೂಗಿದ: "ದೊಡ್ಡವ್ವ, ಲೈನ್ ಸಿದ್ದಯ್ಯ ನೆನ್ನೇನೂ ಬರ್ನಿಲ್ಲ, ಇವತ್ತೂ ಇಲ್ಲ. ಏನಾಯ್ತಂತೆ?" ಅವನು ಪೇಪರ್ ಲೋಟವನ್ನು ಆಗಲೇ ಬೆಂಚಿನ ಮೇಲೆ ಇಟ್ಟಿದ್ದ.

ಐವತ್ತೆಂಟು ವರ್ಷದ ನಾನು ಅಂದು ಮೊದಲ ಬಾರಿಗೆ ಕಾಲುವೆ ದಾಟಿದೆ. ಜ್ವರದಲ್ಲಿ ಎರಡು ದಿನ ಮಲಗಿ, ಆ ಬೆಳಗಿನ ಜಾವ ಅವರು ಹೋಗಿಬಿಟ್ಟಿದ್ದರು. ಗಂಜಿ ಕೊಡಲು ಬಂದಿದ್ದ ಮಾಯಮ್ಮ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ಕಂಡು, "ಈಗ ಬಂದ್ರಾ ಅಮ್ಮಾರೆ" ಎಂದಳು. ದೀಪಿಕ ಅವರ ಕಾಲಬಳಿ ಗೋಡೆಗೆ ಮುಖ ಮಾಡಿ ಕುಳಿತಿದ್ದಳು.

ಹನ್ನೊಂದನೆಯ ದಿನ ವನಜಾ ಆ ನೋಟುಪುಸ್ತಕವನ್ನು ನನಗೆ ತಂದುಕೊಟ್ಟಳು. ರಟ್ಟಿನ ಮೇಲೆ "ಸಭೆಗೆ ಒಪ್ಪಿಸುವುದು" ಎಂದಿತ್ತು. ಒಳಗೆ ನೂರ ಅರವತ್ತಮೂರು ದಿನಗಳ ನೂರ ಅರವತ್ತಮೂರು ಸಾಲು. ಯಾರ ಮೇಲೂ ಒಂದು ಬೈಗುಳವಿಲ್ಲ. "ಬೆ. 8.00. ಪೇಪರ್ ಲೋಟ. ಗಾಜಿನದು ಕೇಳಿದೆ. ಇಲ್ಲ." ಮೊದಲ ದಿನದ ಸಾಲಿನಲ್ಲಿ ಪಟ್ಟೆಯ ಲೋಟವೂ ಇದೆ; ಆಮೇಲೆ ದಿನಾಂಕ ಮಾತ್ರ ಬದಲಾಗುತ್ತದೆ.

ಸೆಪ್ಟೆಂಬರಿನ ಸಭೆಯಲ್ಲಿ ನಾನು ನಡಾವಳಿ ಪುಸ್ತಕ ಕೇಳಿ ಪಡೆದು, ಫೆಬ್ರವರಿಯ ಪುಟ ತೆರೆದು, ಅನುಮೋದಕರು ಎಂಬ ಖಾಲಿ ಜಾಗದಲ್ಲಿ ನನ್ನ ಪೂರ್ಣ ಹೆಸರು ಬರೆದೆ.

"ಸೂಚಕರು ತೀರಿಹೋಗಿದ್ದಾರಲ್ಲಮ್ಮ" ಎಂದರು ಅಧ್ಯಕ್ಷರು.

"ಸಹಿ ಅವರದೇ ಇದೆ ಸಾರ್. ನನ್ನದು ಬಾಕಿ ಇತ್ತು."

ನೋಟುಪುಸ್ತಕದ ಪ್ರತಿ ಸಾಲನ್ನೂ ಓದಿದೆ. ಇಪ್ಪತ್ತನೆಯ ಸಾಲಿನ ಹೊತ್ತಿಗೆ ಒಬ್ಬರು, ಸಾಕು, ಅರ್ಥವಾಯಿತು ಎಂದರು. ನಾನು ನಿಲ್ಲಿಸಲಿಲ್ಲ. ಹದಿನೆಂಟು ವರದಿಗಳು ರದ್ದಾದವು. ದೀಪಿಕಳ ದೂರನ್ನು ಮತ್ತೆ ತೆರೆದು ಕ್ರಮಕ್ಕಾಗಿ ಮೇಲಕ್ಕೆ ಕಳುಹಿಸಲಾಯಿತು. ಅವಳು ಸಭಾಂಗಣದ ಹಿಂದೆ ನಿಂತು ಕೇಳುತ್ತಿದ್ದಳು. ಮುಗಿದ ಮೇಲೆ ನನ್ನೊಡನೆ ಮಾತಾಡದೆ ಹೋದಳು. ಮಾತಾಡಬೇಕಾದ ಅಗತ್ಯ ಅವಳಿಗಿರಲಿಲ್ಲ. ನನ್ನ ಎಡಗಡೆಯ ಕುರ್ಚಿ ಖಾಲಿ ಇತ್ತು. ಟೀ ತಂದವನು ಅಭ್ಯಾಸಬಲದಿಂದ ಅದರ ಮುಂದೆಯೂ ಒಂದು ಲೋಟ ಇಟ್ಟು ಹೋದ.

ದೊಡ್ಡಸಿದ್ದಯ್ಯನವರು ಬಿಟ್ಟುಹೋದವು, ವನಜಾ ಮತ್ತು ನಾನು ಕಂಡಂತೆ:

ಕಾಲೋನಿಯಲ್ಲಿ ಎರಡು ಕೋಣೆಯ ತಾರಸಿ ಮನೆ.

ಕಂಬ ಹತ್ತುವ ಸೊಂಟದ ಬೆಲ್ಟು, ಕಟಿಂಗ್ ಪ್ಲೇಯರ್, ಟೆಸ್ಟರ್, ಎಡಗೈಯದು ಮಾತ್ರ ಉಳಿದ ರಬ್ಬರ್ ಕೈಗವಸು.

ಬುದ್ಧನ ಪಟ, ಅದರ ಕೆಳಗೆ ಪಟ್ಟಲಮ್ಮನವರ ಫೋಟೊ.

ಸಮಿತಿಯ ಗುರುತಿನ ಚೀಟಿ, ಪ್ಲಾಸ್ಟಿಕ್ ಹೊದಿಕೆ ಸಹಿತ.

ತಪಾಸಣೆಯ ದಿನದ ಫೋಟೊಗಳು ಹದಿನೆಂಟು. ಎಲ್ಲದರಲ್ಲೂ ಪಟ್ಟೆಯ ಲೋಟ.

ನೋಟುಪುಸ್ತಕ ಒಂದು. ಅದು ಈಗ ಸಮಿತಿಯ ಕಡತದಲ್ಲಿದೆ.

ಕರಿಯ ಕೊಡೆ, ಒಂದು ಕಡ್ಡಿ ಮುರಿದಿದೆ.

ಎದೆಯುರಿಯ ಮಾತ್ರೆ, ಅರ್ಧ ಪಟ್ಟಿ.