ಪಾಟೀಲರ ಮೋಟಾರು, ಬೀರಣ್ಣನ ಮಂತ್ರ

ಗುಂಜೋಟಿಯ ಬೀರಣ್ಣ ಮೋಟಾರಿಗೆ ಮಂತ್ರ ಹಾಕುತ್ತಾನೆಂದು ಊರೆಲ್ಲ ನಂಬಿತ್ತು. ಈ ಕಥೆ ಬರೆಯುತ್ತಿರುವವನೂ ಬಹಳ ಕಾಲ ಹಾಗೇ ತಿಳಿದಿದ್ದ. ನಂಬದೆ ಇರುವುದಾದರೂ ಹೇಗೆ? ಅವನು ಮೋಟಾರಿನ ಮುಂದೆ ಬಗ್ಗಿ, ಹ್ಯಾಂಡಲಿಗೆ ಕೈ ಹಚ್ಚಿ, ತುಟಿಯೊಳಗೇ ಏನೋ ಗೊಣಗಿ ಆಮೇಲೆ ತಿರುಗಿಸುತ್ತಿದ್ದ. ಮೋಟಾರು ಒಮ್ಮೊಮ್ಮೆ ಚಾಲೂ ಆಗುತ್ತಿತ್ತು. ಮಂತ್ರಗಳೂ ಅಷ್ಟೇ, ಒಮ್ಮೊಮ್ಮೆ ಫಲಿಸುತ್ತವೆ.

ಬೀರಣ್ಣ ಕುರಿ ಕಾಯುವ ಮನೆತನದವನು. ಕಂಬಳಿ ಮಾರಲು ಅಣ್ಣನ ಜೊತೆ ಹೈದರಾಬಾದಿಗೆ ಹೋದವನು ಮಳೆಗೆ ಒಬ್ಬ ನವಾಬರ ಮೋಟಾರುಖಾನೆಯ ಮಾಡಿನ ಕೆಳಗೆ ನಿಂತ, ಅಲ್ಲೇ ಉಳಿದುಬಿಟ್ಟ. ಮೊದಲು ಮೋಟಾರು ತೊಳೆದ, ಆಮೇಲೆ ನಡೆಸಲು ಕಲಿತ. ಕುರಿಯ ಹಾಗಲ್ಲದೆ, ಬಿಟ್ಟ ಜಾಗದಲ್ಲೇ ನಿಂತಿರುತ್ತದೆ ಎಂಬ ಗುಣಕ್ಕೆ ಅವನು ಮೋಟಾರನ್ನು ಮೆಚ್ಚಿದ್ದು. ಆ ಗುಣ ಮುಂದೆ ಅತಿಯಾಗಬಹುದೆಂದು ಅವನಿಗೆ ಆಗ ಹೊಳೆದಿರಲಿಲ್ಲ.

ನವಾಬರು ಹೊಸದು ಕೊಂಡಾಗ ಹಳೆಯದನ್ನು ಗುಂಜೋಟಿಯ ಮನ್ಮಥಪ್ಪ ಪಾಟೀಲರು ಖರೀದಿಸಿದರು. ಕುದುರೆಯ ಜೊತೆ ಜೀನು ಬಂದ ಹಾಗೆ ಬೀರಣ್ಣನೂ ಬಂದ. ನಿಜಾಮರ ಸೀಮೆಯ ಆ ಮೂಲೆಯಲ್ಲಿ ಆಗ ಉಮರ್ಗಾದ ತಹಶೀಲ್ದಾರರೂ ಟಾಂಗಾದಲ್ಲೇ ತಿರುಗುತ್ತಿದ್ದರು. ಹಾಗಾಗಿ ಪಾಟೀಲರು ಸುಮ್ಮನೆ ನಿಂತ ಮೋಟಾರಿನಲ್ಲಿ ಕೂತು ಸಹ ಜನರ ನಮಸ್ಕಾರ ಸ್ವೀಕರಿಸುತ್ತಿದ್ದರು.

ಪಾಟೀಲರು ದೊಡ್ಡ ಶಿವಭಕ್ತರು, ಅಷ್ಟೇ ದೊಡ್ಡ ಅನುಮಾನದ ಪ್ರಾಣಿ. ಹಾಲಿನಲ್ಲಿ ನೀರು, ಅರಿವೆ ಅಂಗಡಿಯವನ ಗಜಕೋಲಿನಲ್ಲಿ ಗಿಡ್ಡತನ, ಬೇಗ ಮುಗಿದ ಭಜನೆಯಲ್ಲಿ ನುಂಗಿದ ಪದ, ಎಲ್ಲವೂ ಅವರ ಕಣ್ಣಿಗೆ ಬೀಳುತ್ತಿದ್ದವು. ಮೋಟಾರು ಮನೆಗೆ ಬಂದ ದಿನವೇ ಅದಕ್ಕೆ ದೃಷ್ಟಿಯಾಗುತ್ತದೆಂದು ನಿಶ್ಚಯಿಸಿದರು. ದಿನವೂ ಮುಂಜಾನೆ ಲಿಂಗಪೂಜೆ ಮುಗಿಸಿ, ಒದ್ದೆ ವಿಭೂತಿಯ ಬೆರಳುಗಳನ್ನು ಹಾಗೇ ಹಿಡಿದುಕೊಂಡು ಹೊರಗೆ ಬರುತ್ತಿದ್ದರು. ಮುಂದಿನ ಎರಡು ದೀಪ ಕಣ್ಣುಗಳಾದರೆ, ಅವುಗಳ ನಡುವೆ ಮುಂದಿನ ಗಾಜಿನ ಕೆಳಗಿರುವ, ಪೆಟ್ರೋಲ್ ತುಂಬುವ ಟಾಕಿಯ ಹಿತ್ತಾಳೆ ಮುಚ್ಚಳವೇ ಹಣೆ. ಅದರ ಮೇಲೆ ಮೂರು ಗೆರೆ ಎಳೆಯುತ್ತಿದ್ದರು.

"ಉಳಿದದ್ದೆಲ್ಲಾ ತೊಳಿ. ಹಣಿ ಮುಟ್ಟಬ್ಯಾಡ. ವಿಭೂತಿ ಒರಸಬಾರದು" ಎಂದು ಬೀರಣ್ಣನಿಗೆ ಹುಕುಂ ಆಗಿತ್ತು.

ಕೆಲವು ತಿಂಗಳು ಮೋಟಾರು ಚೆನ್ನಾಗಿ ಓಡಿತು. ಆಮೇಲೆ ಹೊರಟ ಸ್ವಲ್ಪ ಹೊತ್ತಿಗೇ ನಿಲ್ಲತೊಡಗಿತು. ಹ್ಯಾಂಡಲು ತಿರುಗಿಸಿದರೆ ಎಂಜಿನ್ನು ಗರಗರ ತಿರುಗುತ್ತದೆ, ಕೆಮ್ಮುತ್ತದೆ, ಹತ್ತಿಕೊಳ್ಳುವುದಿಲ್ಲ. ಬೀರಣ್ಣ ಪ್ಲಗ್ಗು ಬಿಚ್ಚಿ ನೋಡಿದ, ಕಿಡಿ ಹಾರುತ್ತಿತ್ತು. ಪೆಟ್ರೋಲಿನ ನಳಿಗೆ ಬಿಚ್ಚಿ ಊದಿದ, ಕಸವಿರಲಿಲ್ಲ. ಕೊನೆಗೆ ಮುಚ್ಚಳದ ಅಂಚು ಹಿಡಿದು ತೆಗೆದು, ಟಾಕಿಯೊಳಗೆ ಕಡ್ಡಿ ಇಳಿಸಿ, ಪೆಟ್ರೋಲ್ ಇದೆಯೆಂದು ನೋಡಿ ಮತ್ತೆ ಮುಚ್ಚಿದ. ಗೊಣಗಿ ತಿರುಗಿಸಿದ. ಚಾಲೂ ಆಯಿತು.

ಮರುದಿನವೂ ಹಾಗೇ, ಅದರ ಮರುದಿನವೂ. ಬೀರಣ್ಣನಿಗೆ ಏನೂ ತಿಳಿಯಲಿಲ್ಲ. ಪಾಟೀಲರಿಗೆ ಮಾತ್ರ ಎಲ್ಲವೂ ತಿಳಿಯಿತು.

"ನೋಡಿದಿ ಏನ?" ಎಂದು ಹೆಂಡತಿ ಪ್ರಯಾಗಬಾಯಿಯನ್ನು ಅಡುಗೆಮನೆಯಲ್ಲಿ ಹಿಡಿದು ಕೇಳಿದರು. "ಅಂವಾ ಕಡ್ಡಿ ಹಾಕಿದ್ರನೇ ಗಾಡಿ ಏಳ್ತದ. ತಾ ಇಲ್ದಿದ್ರ ನಡ್ಯಾಂಗಿಲ್ಲ ಅಂತ ಏನೋ ಮಾಡಿಟ್ಟಾನ. ಮ್ಯಾಲ ಪೆಟ್ರೋಲೂ ಕದೀತಾನ. ಅಂವನ ಕಂಬಳಿ ಮೂಸಿ ನೋಡೀನಿ."

"ಮೋಟಾರ ಹೊಡಿಯಾಂವನ ಕಂಬಳಿ ಮಲ್ಲಿಗಿ ನಾರ್ತದೇನ್ರಿ? ಪೆಟ್ರೋಲ್ ಕದ್ದು ಅಂವಾ ಏನ್ ಮಾಡ್ಯಾನ, ಕುರಿಗೆ ಕುಡಸ್ತಾನ?"

"ಅದೇ ನನಗೂ ಸಂಶಯ" ಎಂದರು ಪಾಟೀಲರು. ಅಂದಿನಿಂದ ವಿಭೂತಿಯ ಗೆರೆಗಳು ದಪ್ಪವಾದವು.

ಉದಗೀರದ ವಿಶ್ವನಾಥಪ್ಪ ಸಾಹುಕಾರರ ಮಗನಿಗೆ ಪಾಟೀಲರ ಮಗಳನ್ನು ಕೊಡುವ ಮಾತು ನಡೆದಿತ್ತು. ಮೋಟಾರಿನಲ್ಲಿ ಬರುತ್ತೇನೆಂದು ಪಾಟೀಲರು ಹೇಳಿ ಕಳುಹಿಸಿದ್ದರು. ಹೊರಡುವ ಮುಂಜಾನೆ ಅವರು ಬೀರಣ್ಣನನ್ನು ಎದುರಿಗೆ ನಿಲ್ಲಿಸಿಕೊಂಡರು.

"ಬೀರ್‍ಯಾ, ಬೀಗರ ಮುಂದ ಗಾಡಿ ನಿಂತಿತಂದ್ರ ನಿನ್ನ ನೌಕರಿ ಮುಗೀತು. ಊರ ಪಂಚರ ಮುಂದ ಕಳ್ಳ ಅಂತನೂ ಅನಸ್ತೀನಿ."

ಬೀರಣ್ಣನ ಮುಖ ಸಪ್ಪಗಾಯಿತು. ನೌಕರಿ ಹೋದರೆ ಅಣ್ಣನ ಕುರಿಗಳಿದ್ದವು. ಕಳ್ಳನೆಂಬ ಹೆಸರು ಬಂದರೆ, ಸುತ್ತಲಿನ ಮೂರು ತಾಲೂಕಿನಲ್ಲಿ ಕುರಿ ಕಾಯಲೂ ಯಾರೂ ಕರೆಯುವುದಿಲ್ಲ.

"ಕಳುವು ಮಾಡಿಲ್ರಿ" ಎಂದ.

"ಮಾಡಿಲ್ಲಂದ್ರ ಮುಚ್ಚಳ ಇತ್ತ ಕೊಡು. ದಾರ್‍ಯಾಗ ನಿನ್ನ ಕಡ್ಡಿ ನಡ್ಯಾಂಗಿಲ್ಲ."

ಮುಚ್ಚಳ ಪಾಟೀಲರ ಕೋಟಿನ ಕಿಸೆ ಸೇರಿತು. ಟಾಕಿಯ ಬಾಯಿಗೆ ಅವರೇ ಒಂದು ವಸ್ತ್ರ ಮುಚ್ಚಿ, ಸುತ್ತ ದಾರ ಬಿಗಿದು, ಯಾರಿಗೂ ಬಿಚ್ಚಲು ಬಾರದ ತಮ್ಮದೇ ಗಂಟು ಹಾಕಿದರು. ಮೋಟಾರು ಹೊರಟಿತು. ಪಾಟೀಲರು ಊರು ಕೇರಿ ನೋಡದೆ ಆ ಗಂಟನ್ನೇ ನೋಡುತ್ತ ಕೂತರು. ಉಮರ್ಗಾ ಹಿಂದೆ ಬಿತ್ತು. ತೇರಣಾ ಹೊಳೆಯ ಉಸುಕಿನಲ್ಲಿ ಮೋಟಾರು ಹೂತುಕೊಳ್ಳಲಿಲ್ಲ, ನಿಲಂಗಾದ ಏರಿನಲ್ಲಿ ದಮ್ಮು ಕಟ್ಟಲಿಲ್ಲ. ಶಿರೂರ ಅನಂತಪಾಳದಲ್ಲಿ ಎಮ್ಮೆಗಳು ಅಡ್ಡ ಬಂದಾಗಲೂ ಎಂಜಿನ್ನು ಉಸಿರು ನಿಲ್ಲಿಸಲಿಲ್ಲ.

ಉದಗೀರದ ಕೋಟೆ ಕಾಣುವ ಹೊತ್ತಿಗೆ ಬೀರಣ್ಣನ ಮುಖ ಅರಳಿತು. "ನೋಡ್ರಿ ಪಾಟೀಲ್ರ, ಒಂದ್ ಕಡಿನೂ ನಿಂದ್ರಲಿಲ್ಲ."

"ಅದನ್ನೇ ನಾ ಅಂಬೋದು. ನಿನ್ನ ಕೈ ಬೀಳಲಿಲ್ಲ, ಗಾಡಿ ನಿಂದ್ರಲಿಲ್ಲ. ಇನ್ನೇನ್ ಸಾಕ್ಷಿ ಬೇಕು?"

ನಿಂತರೂ ಕಳ್ಳ, ಓಡಿದರೂ ಕಳ್ಳ. ಬೀರಣ್ಣ ಮೋಟಾರನ್ನು ಊರೊಳಗೆ ಹೊರಳಿಸಿದ.

ಬೀಗರ ಓಣಿಯ ತಿರುವಿನಲ್ಲಿ ಪಾಟೀಲರು ಮೋಟಾರು ನಿಲ್ಲಿಸಿದರು. ಬಾಯಿಗೆ ಚಿಂದಿ ಕಟ್ಟಿಕೊಂಡ ಮೋಟಾರು ಬೀಗರಿಗೆ ಕಾಣಬಾರದು. ತಾವೇ ಗಂಟು ಬಿಚ್ಚಿ, ತಮ್ಮ ಕೈಯಿಂದಲೇ ಮುಚ್ಚಳ ಬಿಗಿದು, ಚೀಲದಿಂದ ವಿಭೂತಿ ತೆಗೆದು ನೀರು ಹಚ್ಚಿ ಹೊಸ ಗೆರೆ ಎಳೆದರು.

ವಿಶ್ವನಾಥಪ್ಪ ಸಾಹುಕಾರರು ದೊಡ್ಡ ರುಮಾಲು ಸುತ್ತಿ ಬಾಗಿಲಲ್ಲೇ ಕಾದಿದ್ದರು. ಚಹಾ ಆದ ಮೇಲೆ ಅವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಪಾಟೀಲರು ಊರ ಪ್ರದಕ್ಷಿಣೆಗೆ ಹೊರಟರು. ಬಜಾರು ದಾಟಿತು. ಕೋಟೆಯ ಕಡೆ ಹೊರಳುತ್ತಿದ್ದಂತೆ, ಉದಗೀರದ ಜನರೆಲ್ಲ ನೋಡಲು ಅನುಕೂಲವಾದ ಜಾಗದಲ್ಲಿ, ಮೋಟಾರು ಎರಡು ಸಲ ಕೆಮ್ಮಿ ನಿಂತಿತು.

ಬೀರಣ್ಣ ಇಳಿದ, ಬಗ್ಗಿದ, ಗೊಣಗಿದ, ತಿರುಗಿಸಿದ. ಎಂಜಿನ್ನು ತಿರುಗಿತು, ಹತ್ತಿಕೊಳ್ಳಲಿಲ್ಲ. ಸಾಹುಕಾರರು ರುಮಾಲು ಸರಿ ಮಾಡಿಕೊಂಡು, ಕೆಳಗೆ ಇಳಿಯಬೇಕೋ ಕೂಡಬೇಕೋ ಎಂಬಂತೆ ಬೀಗರನ್ನು ನೋಡಿದರು.

"ಏನ್ ಮಾಡಿದ್ಯೋ?" ಎಂದು ಪಾಟೀಲರು ಹಲ್ಲು ಕಡಿದರು.

ಬೀರಣ್ಣ ನೆಟ್ಟಗೆ ನಿಂತ. "ಪಾಟೀಲ್ರ, ಮುಚ್ಚಳ ಯಾರ ಕಿಸೇದಾಗಿತ್ತು?"

"ನನ್ನ ಕಿಸೇದಾಗ."

"ಹಚ್ಚಿದಾರು ಯಾರು?"

"ನಾನೇ. ನಿನಗ ಮುಟ್ಟಾಕ ಬಿಟ್ಟಿಲ್ಲ, ಸಾಹುಕಾರ್‍ರು ಬೇಕಾದ್ರ ಕೇಳ್ಲಿ" ಎಂದ ಪಾಟೀಲರು, ಆ ಮಾತು ತಮ್ಮ ಬಾಯಿಂದಲೇ ಬಂತಲ್ಲ ಎಂದು ಅಲ್ಲಿಗೇ ತಡೆದರು.

"ಮುಚ್ಚಳ ಇಲ್ದಾಗ ಗುಂಜೋಟಿಯಿಂದ ಇಲ್ಲೀತನ ಓಡ್ಯಾದ. ಹಚ್ಚಿದ ಮ್ಯಾಲ ನಿಂತದ. ಕಳ್ಳ ನಾ ಅಲ್ರಿ, ಮುಚ್ಚಳ."

ಹುಕುಂ ಮೀರಿ ಅವನು ಮುಚ್ಚಳ ಕಿತ್ತು ಬಿಸಿಲಿಗೆ ಹಿಡಿದ. ನವಾಬರ ಮನೆಯಲ್ಲಿ ತೊಳೆಯುವಾಗ ಅದರ ನಡುವೆ ಒಂದು ಸಣ್ಣ ತೂತು ಕಂಡಿದ್ದ ನೆನಪು. ಈಗ ಅಲ್ಲಿ ಗಚ್ಚಿನಂತೆ ಗಟ್ಟಿಯಾದ ಭಕ್ತಿ. ಕಂಬಳಿ ಹೊಲಿಯುವ ದಬ್ಬಣವನ್ನು ಮುಂಡಾಸಿನಿಂದ ಎಳೆದು ಚುಚ್ಚಿದ. ಬಿಳಿ ಪುಡಿ ಉದುರಿತು.

"ಕುರಿಮರಿ ಹುಟ್ಟಿದಾಗ ಮೂಗಿನ ಲೋಳಿ ತೆಗೀದಿದ್ರ ಉಸರ ಆಡಂಗಿಲ್ರಿ. ಇದರ ಮೂಗಿಗೆ ನೀವ್ ದಿನಾ ವಿಭೂತಿ ಬಳದು ಗಿಲಾವು ಮಾಡೀರಿ. ಮ್ಯಾಲಿಂದ ಗಾಳಿ ಹೋಗಲಿಲ್ಲಂದ್ರ ಕೆಳಗ ಪೆಟ್ರೋಲ್ ಹ್ಯಾಂಗ್ ಇಳೀಬೇಕು?"

"ಧೂಳು ಕೂತಿರ್ಬೇಕು" ಎಂದರು ಪಾಟೀಲರು ಮೆಲ್ಲಗೆ.

"ಹೌದ್ರಿ. ಮೂರ್ ಮೂರ್ ಗೆರಿ ಹಿಡದು ಕೂತದ."

ಮುಚ್ಚಳ ಮತ್ತೆ ಬಿಗಿದು, ಬಗ್ಗಿ, ಗೊಣಗಿ ತಿರುಗಿಸಿದ. ಮೋಟಾರು ಒಂದೇ ಸಲಕ್ಕೆ ಗುಡುಗಿತು. ಪಾಟೀಲರು ಕೋಟೆಯ ಕಡೆ ಮುಖ ಮಾಡಿ, ಅದೇನೋ ಕೋಟೆಗೇ ಹೇಳುವಂತೆ, "ಇನ್ನ ಮ್ಯಾಲ ದೀಪಕ್ಕಷ್ಟೇ ವಿಭೂತಿ. ಹಣಿ ಬೀರಣ್ಣನೇ ತೊಳೀಲಿ" ಎಂದರು. ಬೀರ್‍ಯಾ ಹೋಗಿ ಬೀರಣ್ಣ ಆದದ್ದನ್ನು ಬೀರಣ್ಣ ಗಮನಿಸಿದ. ನೌಕರಿಯೂ ಹೆಸರೂ ಉಳಿದವು.

ಸಾಹುಕಾರರಿಗೆ ಮಾತ್ರ ತೂತು, ಗಾಳಿ ಯಾವುದೂ ರುಚಿಸಲಿಲ್ಲ. ಇಷ್ಟು ದೊಡ್ಡ ಯಂತ್ರ ಅಷ್ಟು ಸಣ್ಣ ತೂತಿನಿಂದ ನಿಲ್ಲುವುದೆಂದರೇನು? ಅವರು ಮುಂದೆ ಬಾಗಿ, ಗುಟ್ಟು ಕೇಳುವವರಂತೆ ದನಿ ತಗ್ಗಿಸಿದರು.

"ಅದೆಲ್ಲಾ ಇರ್ಲಿ ಬೀರಣ್ಣ. ಹ್ಯಾಂಡಲ್ ತಿರಗಸುವಾಗ ಅಂತೀಯಲ್ಲ, ಆ ಮಂತ್ರ ಕನ್ನಡದಾಗ ಅದನೋ, ಮರಾಠಿದಾಗ ಅದನೋ?"

"ಮಂತ್ರ ಅಲ್ರಿ ಸಾಹುಕಾರ್‍ರ, ಬೈಗಳ. ಗಾಡಿಗೆ ಮರಾಠಿದಾಗ ಬೈತೀನಿ, ಪಾಟೀಲ್ರಿಗೆ ಕನ್ನಡದಾಗ."