ಬಿಸಿ ಹಾಳು ಸೇರಿಸಿ

ನಮ್ಮ ಪ್ರೆಸ್ಸಿನಲ್ಲಿ ಕರಡು ತಿದ್ದುವವರನ್ನು ಎಲ್ಲರೂ ಕರೆಯುವುದು ದೀರ್ಘಣ್ಣ ಎಂದು. ಎತ್ತರ ನೋಡಿ ಇಟ್ಟ ಹೆಸರಲ್ಲ. ಕಾಗದ ಕತ್ತರಿಸುವ ಯಂತ್ರದ ಹಿಂದೆ ನಿಂತರೆ ಅವರ ಕನ್ನಡಕ ಮಾತ್ರ ಕಾಣುತ್ತದೆ. 'ಉಪಹಾರ' ಎಂದು ಕಂಡಲ್ಲೆಲ್ಲ ಕೆಂಪು ಪೆನ್ನಿನಿಂದ ದೀರ್ಘ ಎಳೆದು 'ಉಪಾಹಾರ' ಮಾಡುತ್ತಿದ್ದರು. ದೀರ್ಘವಿಲ್ಲದಿದ್ದರೆ ಅದು ಬರೀ ಕಾಣಿಕೆ, ಹೊಟ್ಟೆಗೆ ಹೋಗುವುದಿಲ್ಲ ಎಂಬುದು ಅವರ ವಾದ.

ನಾವು ಅಚ್ಚು ಹಾಕುವುದು ದಿಢೀರ್ ತಿಂಡಿಗಳ ರಟ್ಟಿನ ಡಬ್ಬಗಳನ್ನು. ಮೂವತ್ತು ವರ್ಷ 'ಮೂರೇ ನಿಮಿಷದಲ್ಲಿ ಸಿದ್ಧ' ಎಂದು ಓದಿದ ದೀರ್ಘಣ್ಣ ಒಂದನ್ನೂ ಮನೆಗೆ ಕೊಂಡೊಯ್ದಿರಲಿಲ್ಲ. ಇವನ್ನೆಲ್ಲ ಕೊಳ್ಳಬಹುದೇ ಎಂದು ಯಾರಾದರೂ ಕೇಳಿದರೆ, ಡಬ್ಬ ಕೊಳ್ಳಿ, ಒಳಗಿರೋದನ್ನ ಅಂಗಡಿಯವನಿಗೇ ಬಿಡಿ ಅನ್ನುತ್ತಿದ್ದರು. ಅವರ ಹೆಂಡತಿ ನಮಗೆಲ್ಲ ಅತ್ತಿಗೆ; ಅತ್ತಿಗೆಯ ಅಡುಗೆಮನೆಯಲ್ಲಿ ಅವಕ್ಕೆ ಪ್ರವೇಶವೂ ಇರಲಿಲ್ಲ. ತಪ್ಪು ಹುಡುಕುವುದು ಗಂಡನ ಕೆಲಸ, ಗಂಡನಲ್ಲಿ ಹುಡುಕುವುದು ತನ್ನ ಕೆಲಸ ಎಂದು ಅತ್ತಿಗೆ ನಗುತ್ತಿದ್ದರು.

ಒಂದು ದಿನ ಲಕ್ವ ಹೊಡೆದು ಅತ್ತಿಗೆಯ ಬಲಗೈ ಬಿದ್ದುಹೋಯಿತು. ಜೊತೆಗೆ ಮಾತೂ ಹೋಯಿತು. ಓದು, ತಿಳಿವಳಿಕೆ ಎಲ್ಲ ಇದ್ದಂತೇ ಇದ್ದವು. ಒಂದು ತಿಂಗಳಾದ ಮೇಲೆ ಅವರು ತುತ್ತಿಗೆ ಬಾಯಿ ತೆರೆಯುವುದನ್ನೇ ಬಿಟ್ಟರು. ಡಾಕ್ಟರು ತೂಕ ನೋಡಿ, ಮುಂದಿನ ವಾರದ ಗುರುವಾರಕ್ಕೆ ಅರ್ಧ ಕಿಲೋ ಇಳಿದಿದ್ದರೂ ಮೂಗಿನಲ್ಲಿ ನಳಿಗೆ ಹಾಕುವುದೇ ಎಂದುಬಿಟ್ಟರು. ಅತ್ತಿಗೆ ಎಡಗೈಯಿಂದ ಮೂಗು ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು.

ಅಂದಿನಿಂದ ದೀರ್ಘಣ್ಣ ನಮ್ಮ ಡಬ್ಬಗಳಿಗೆ ಶರಣಾದರು. ಕಾರ್ನ್‌ಫ್ಲೇಕ್ಸ್ ಗಂಟಲಿಗೆ ಚುಚ್ಚಿತು. ಓಟ್ಸ್ ತಣಿದ ಮೇಲೆ ಲಕೋಟೆ ಅಂಟಿಸುವ ಹಾಗಾಯಿತು. ಕುಡಿಯುವ ತಿಂಡಿಯೊಂದು ಶ್ವಾಸನಾಳಕ್ಕೆ ಹೋಗಿ ಇಬ್ಬರೂ ಹೆದರಿದರು. ಡಬ್ಬ ಉಳಿಸುವುದು ಮಾಡುವವರ ಸಮಯವನ್ನು, ತಿನ್ನುವವರದನ್ನಲ್ಲ: ಮಾಡಲು ಮೂರು ನಿಮಿಷ, ಮೂರು ಚಮಚ ತಿನ್ನಿಸಲು ಮುಕ್ಕಾಲು ಗಂಟೆ. ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಕರಡು ಹಿಡಿದು ಕೂರತೊಡಗಿದರು.

ಆ ಶುಕ್ರವಾರ ಬೆಳಿಗ್ಗೆ ಹೊಸ ಗಂಜಿಪುಡಿಯ ಮಾದರಿ ಡಬ್ಬವನ್ನು ಮಂಚದ ಮೇಲಿಟ್ಟು ಬೇಡಿಕೊಳ್ಳುತ್ತಿದ್ದರು. "ನನ್ನ ಮುಖ ನೋಡಿ ಒಂದೇ ಒಂದು ಚಮಚ ತಿನ್ನೇ."

ಅತ್ತಿಗೆ ಮುಖ ನೋಡಲಿಲ್ಲ, ಡಬ್ಬ ನೋಡಿದರು. ಎಡಗೈಯ ಬೆರಳು ಒಂದು ಸಾಲಿನ ಮೇಲೆ ನಿಂತಿತು. 'ಬಿಸಿ ಹಾಳು ಸೇರಿಸಿ ಚೆನ್ನಾಗಿ ಕಲಸಿ.' ದೀರ್ಘಣ್ಣ ಬಗ್ಗಿ ಓದಿದರು. ಹಾಲು ಹಾಳಾದದ್ದು ಅವರದೇ ಕೈಯಲ್ಲಿ, ಅವರದೇ ಸಹಿಯ ಮೇಲೆ. ತಲೆಯೆತ್ತಿದರೆ ಅತ್ತಿಗೆಯ ಭುಜ ಕುಲುಕುತ್ತಿದೆ. ಉಸಿರು ಕಟ್ಟಿತೇನೋ ಎಂದು ಬೆನ್ನು ತಟ್ಟಿದರು. ಅದು ನಗು. ನಗು ನಿಂತ ಮೇಲೆ ಬಾಯಿ ತೆರೆದೇ ಇತ್ತು.

ಎಂಟಕ್ಕೆ ಹತ್ತು ನಿಮಿಷ. ಎಂಟಕ್ಕೆ ಪ್ರೆಸ್ಸಿನಲ್ಲಿ ಯಂತ್ರ ಶುರುವಾಗುತ್ತದೆ. ಫೋನು ಹೊರಗಿನ ಕೋಣೆಯಲ್ಲಿತ್ತು. ಹಿಂದಿನ ದಿನ ನಲ್ಲಿ ನಿಲ್ಲಿಸಲು ಎದ್ದು ಬರುವಷ್ಟರಲ್ಲಿ ಆ ತುಟಿಗಳು ಬೀಗ ಹಾಕಿಕೊಂಡಿದ್ದವು. ದೀರ್ಘಣ್ಣ ಏಳಲಿಲ್ಲ. ಹನ್ನೊಂದು ಚಮಚ ಹೋಯಿತು. ಅತ್ತ ಇಡೀ ಸರಕು ಹಾಳು ಸೇರಿಸಿಕೊಂಡು ಅಚ್ಚಾಯಿತು.

ಯಜಮಾನರು ಕರೆದು ಕೇಳಿದಾಗ ಅವರು ತಲೆ ತಗ್ಗಿಸಲಿಲ್ಲ.

"ಗೊತ್ತಿತ್ತು ಸರ್. ಮೆಷಿನ್ ಶುರುವಾಗೋಕೆ ಮುಂಚೆನೇ ಗೊತ್ತಿತ್ತು."

ಯಜಮಾನರು ಕೂಗಾಡಲಿಲ್ಲ. ದೀರ್ಘ ರಜೆ ಕೊಟ್ಟರು. ದೀರ್ಘಣ್ಣ ಕೇಳಿದ್ದು ಒಂದೇ: ಕೆಟ್ಟ ಡಬ್ಬಗಳ ಒಂದು ಕಟ್ಟು.

ಬುಧವಾರ ನಾನು ಅವರ ಮನೆಗೆ ಹೋದೆ. ಮೇಜಿನ ತುಂಬ ಡಬ್ಬಗಳು, ಬಿಳಿ ಬಣ್ಣದ ಸೀಸೆ, ಕಪ್ಪು ಪೆನ್ನು. ಮೂವತ್ತು ವರ್ಷ ತಪ್ಪು ತೆಗೆದ ಮನುಷ್ಯ ಕೂತು ತಪ್ಪು ಹಾಕುತ್ತಿದ್ದರು. 'ತಣಿಯಲು ಬಿಡಿ' ಎಂಬುದು 'ದಣಿಯಲು ಬಿಡಿ' ಆಗಿತ್ತು. ತಾವೇ ಎಳೆದಿದ್ದ ದೀರ್ಘವನ್ನೂ ಅಳಿಸಿದ್ದರು. ಮೊದಲೆರಡು ದಿನ ಒಂದು ತಪ್ಪಿಗೆ ಹತ್ತು ಚಮಚ ಹೋಗುತ್ತಿತ್ತಂತೆ. ನಿನ್ನೆಯಿಂದ ಅತ್ತಿಗೆ ನಗುತ್ತಿಲ್ಲ. ಬೆರಳಿಟ್ಟು ತೋರಿಸಿ, ಕರುಣೆಗೆಂಬಂತೆ ಎರಡು ಚಮಚ ತಿನ್ನುತ್ತಾರೆ.

"ನಾಳೆ ತೂಕ," ಅಂದರು ದೀರ್ಘಣ್ಣ. "ನನ್ನ ತಪ್ಪೆಲ್ಲ ಮುಗೀತಾ ಬಂತು ಕಣಪ್ಪ. ನಿನ್ನ ಹತ್ರ ಒಂದು ಒಳ್ಳೇ ತಪ್ಪು ಇದ್ರೆ ಕೊಡು."

ಡಬ್ಬ ತಿರುಗಿಸಿ ನೋಡಿದೆ. ಮೂಲೆಯಲ್ಲಿ 'ಸಕ್ಕರೆ ಸೇರಿಸಿಲ್ಲ' ಎಂದಿತ್ತು. ಸಕಾರದ ಮೇಲೆ ಬಿಳಿ ಬಳಿದು ಅಕಾರ ಬರೆದುಕೊಟ್ಟೆ: 'ಅಕ್ಕರೆ ಸೇರಿಸಿಲ್ಲ.'

ದೀರ್ಘಣ್ಣ ಅದನ್ನು ಒಳಗೆ ಒಯ್ದರು. ನಾನು ಬಾಗಿಲಲ್ಲೇ ನಿಂತೆ. ಅತ್ತಿಗೆ ಬಹಳ ಹೊತ್ತು ಓದಿದರು. ನಗಲಿಲ್ಲ. ಬೆರಳು ಆ ಅಕ್ಷರವನ್ನು ಒರೆಸಲು ನೋಡಿತು, ಒಮ್ಮೆ, ಮತ್ತೊಮ್ಮೆ. ಬಣ್ಣ ಒಣಗಿತ್ತು, ಹೋಗಲಿಲ್ಲ. ಆಮೇಲೆ ಗಂಡನ ಕಡೆ ತಿರುಗಿ ಬಾಯಿ ತೆರೆದರು.

ಐದು ಚಮಚ ಎಣಿಸಿದೆ. ಆರನೆಯದು ತುಟಿಯ ಹತ್ತಿರವೇ ನಿಂತಿತು.

ದೀರ್ಘಣ್ಣ ಬಟ್ಟಲು ಹಿಡಿದು ಹೊರಗೆ ಬಂದರು. ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

"ಕೂತ್ಕೋಪ್ಪ," ಅಂದರು ಇನ್ನೊಂದು ಡಬ್ಬ ಎಳೆದುಕೊಳ್ಳುತ್ತ. "ಬೆಳಿಗ್ಗೆಗೊಂದು ತಪ್ಪು ಬೇಕು."